ಆರಾಧನೆ ಮುಗಿಸಿ ಬಂದಾಗ ಮನೆ ಕೀಲಿ ಮುರಿದಿದ್ದರೆ: ಕಳ್ಳತನವಾದ ಮನೆಯವರಿಗೆ ಒಂದು ಮಾರ್ಗದರ್ಶಿ

ನಮ್ಮ ಕ್ರೈಸ್ತರ ಮನೆಗಳು ಯಾವಾಗ ಖಾಲಿ ಇರುತ್ತವೆ ಅನ್ನುವುದು ಓಣಿಗೆಲ್ಲ ಗೊತ್ತು. ರವಿವಾರ ಬೆಳಿಗ್ಗೆ. ಕ್ರಿಸ್ಮಸ್ ಹಿಂದಿನ ರಾತ್ರಿ. ಡಿಸೆಂಬರ್ 31ರ ರಾತ್ರಿ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ. ಹುಬ್ಬಳ್ಳಿಯ ಕೇಶ್ವಾಪುರ ಇರಲಿ, ಧಾರವಾಡ ಇರಲಿ, ಬೆಟಗೇರಿ ಇರಲಿ, ಆ ಹೊತ್ತಿಗೆ ಮುದುಕರಿಂದ ಹಿಡಿದು ಕೂಸಿನ ತನಕ ಎಲ್ಲರೂ ದೇವಾಲಯದಲ್ಲಿ. ಕಳ್ಳನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಂಡಿ ಕಿತ್ತು ಒಳಗೆ ಯಾರೋ ಓಡಾಡಿ ಹೋದ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೊಲೀಸು, ಬ್ಯಾಂಕು, ಕಾಗದಪತ್ರದ ಕೆಲಸ ಎಲ್ಲ ಜಾತಿ ಮತದವರಿಗೂ ಒಂದೇ. ಆದರೆ ವಿಶ್ವಾಸಿಗಳ ಮನೆಯಲ್ಲಿ ಬೇರೆ ಪ್ರಶ್ನೆಗಳೂ ಏಳುತ್ತವೆ. ಕ್ಷಮಿಸಬೇಕಲ್ವಾ, ಹಾಗಿದ್ದರೆ ದೂರು ಕೊಡಬಹುದಾ? ಆರಾಧನೆಗೆ ಹೋದಾಗಲೇ ಹೀಗಾಯಿತಲ್ಲ, ದೇವರು ಯಾಕೆ ಕಾಯಲಿಲ್ಲ? ಅವನ್ನು ಬಿಟ್ಟು ಬರೀ ಎಫ್‌ಐಆರ್ ಬಗ್ಗೆ ಬರೆದರೆ ಅರ್ಧ ಬರೆದಂತೆ.

ಮೊದಲ ಒಂದು ತಾಸು

ಕೀಲಿ ಮುರಿದದ್ದು ಕಂಡ ಕೂಡಲೇ ಒಳಗೆ ಓಡಬೇಡಿ. ಕಳ್ಳ ಇನ್ನೂ ಒಳಗೇ ಇರಬಹುದು. ಬಂಗಾರ ಹೋದರೆ ಹೋಗಲಿ, ಜೀವ ಮುಖ್ಯ. ಹೊರಗೇ ನಿಂತು 112ಕ್ಕೆ ಫೋನ್ ಮಾಡಿ. ಮಕ್ಕಳನ್ನೂ ವಯಸ್ಸಾದವರನ್ನೂ ಪಕ್ಕದ ಮನೆಯಲ್ಲಿ ಕೂಡಿಸಿ.

ಪೊಲೀಸರು ಬರುವ ತನಕ ಯಾವುದನ್ನೂ ಮುಟ್ಟಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ. ಬಟ್ಟೆ ಎಲ್ಲ ನೆಲದ ಮೇಲೆ ಬಿದ್ದಿರುತ್ತವೆ, ತಿಜೋರಿ ತೆರೆದಿರುತ್ತದೆ, ನೋಡಿದವರ ಕೈ ತಾನಾಗಿ ಎತ್ತಿಡಲು ಹೋಗುತ್ತದೆ. ಓಣಿಯ ಮಂದಿ ಪ್ರೀತಿಯಿಂದಲೇ ಒಳಗೆ ಬರುತ್ತಾರೆ. ಆದರೆ ಬೆರಳಚ್ಚು ಸಿಗುವುದು ಕಪಾಟಿನ ಹಿಡಿಕೆಯಲ್ಲಿ, ಗಾಜಿನಲ್ಲಿ, ಒಡೆದ ಚಿಲಕದಲ್ಲಿ. ಹತ್ತು ಜನ ಮುಟ್ಟಿದ ಮೇಲೆ ತಜ್ಞರು ಬಂದು ಏನು ಹುಡುಕಬೇಕು? ಗಟ್ಟಿ ಮನಸ್ಸಿನ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ, "ಸಾಹೇಬ್ರು ಬರೂತನಕ ಹೊರಗ ಕೂಡ್ರೋಣ್ರಿ" ಅಂತ ಹೇಳಿಸಿ. ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಕಾಯುವ ಹೊತ್ತಿನಲ್ಲಿ ಮಾಡಬಹುದಾದ ಎರಡು ಕೆಲಸ ಇವೆ. ಎಟಿಎಂ ಕಾರ್ಡು, ಚೆಕ್ ಬುಕ್ಕು, ಮೊಬೈಲು ಮನೆಯಲ್ಲಿ ಇದ್ದಿದ್ದರೆ ಹೋಗಿದೆ ಅಂದುಕೊಂಡೇ ಬ್ಯಾಂಕಿಗೆ ತಿಳಿಸಿ ನಿಲ್ಲಿಸಿ. ಆಮೇಲೆ ಸಿಕ್ಕರೆ ಮತ್ತೆ ತೆರೆಸಿಕೊಂಡರಾಯಿತು. ಖಾತೆಯಿಂದ ಹಣ ಆಗಲೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಇನ್ನೊಂದು, ಎದುರು ಮನೆ ಅಥವಾ ಮೂಲೆ ಅಂಗಡಿಯ ಸಿಸಿಟಿವಿ. ಅದರಲ್ಲಿ ಹಳೆಯ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಅದೇ ದಿನ ಕೇಳಿ ಉಳಿಸಿಡಲು ಹೇಳಿ. ಪೊಲೀಸರಿಗೆ ಕೊಡಿ. ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹಾಕಬೇಡಿ. ಕ್ಯಾಮೆರಾದಲ್ಲಿ ಕಂಡವನು ಹಾಲಿನವನೂ ಇರಬಹುದು, ವಿಳಾಸ ಹುಡುಕುತ್ತ ಬಂದವನೂ ಇರಬಹುದು.

ದೂರು ಬರೆಯುವಾಗ

ಮನೆ ಯಾವ ಠಾಣೆಗೆ ಸೇರುತ್ತದೋ ಅಲ್ಲಿ ದೂರು ಕೊಡುವುದು ಸುಲಭ. ಆದರೆ "ಇದು ನಮ್ಮ ಹದ್ದಿಗೆ ಬರಲ್ಲ" ಅಂತ ಯಾರಾದರೂ ಅಂದರೆ ಹಿಂದಿರುಗಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಅದರಲ್ಲಿರುವ ಗುನ್ನೆ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ವಿಮೆ, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಅಂತ ಎಲ್ಲಿಗೆ ಹೋದರೂ ಮೊದಲು ಅದನ್ನೇ ಕೇಳುತ್ತಾರೆ. ದೂರು ತೆಗೆದುಕೊಳ್ಳದಿದ್ದರೆ ಗದಗ, ಹಾವೇರಿಯವರು ಎಸ್‌ಪಿ ಅವರಿಗೆ, ಹುಬ್ಬಳ್ಳಿ-ಧಾರವಾಡದವರು ನವನಗರದ ಪೊಲೀಸ್ ಆಯುಕ್ತರ ಕಚೇರಿಗೆ ಬರೆದು ಅಂಚೆಯಲ್ಲಿ ಕಳಿಸಬಹುದು.

ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 305 ಮತ್ತು 331ನೇ ಕಲಂಗಳು ಕಾಣಬಹುದು. 305 ವಾಸದ ಮನೆಯಲ್ಲಿ ಆದ ಕಳ್ಳತನಕ್ಕೆ. 331 ಮನೆ ಒಡೆದು ನುಗ್ಗಿದ್ದಕ್ಕೆ. ರಾತ್ರಿ ಹೊತ್ತಿನಲ್ಲಿ ಕಳ್ಳತನಕ್ಕಾಗಿ ನುಗ್ಗಿದ್ದರೆ 14 ವರ್ಷದವರೆಗೂ ಶಿಕ್ಷೆ ಇದೆ. ಹಾಗಾಗಿ ನೀವು ಹೊರಟ ಹೊತ್ತು, ಬಂದ ಹೊತ್ತು ಎರಡನ್ನೂ ಸರಿಯಾಗಿ ಹೇಳಿ.

ಹೋದ ಸಾಮಾನಿನ ಪಟ್ಟಿಯನ್ನು ಮನೆಯವರೆಲ್ಲ ಕೂತು ಮಾಡಬೇಕು. "ಬಂಗಾರದ ಸರ ಒಂದು" ಅಂದರೆ ಸಾಲದು. ಎಷ್ಟು ತೊಲೆ, ಯಾವ ನಮೂನೆ, ಪದಕದಲ್ಲಿ ಶಿಲುಬೆ ಇತ್ತೇ, ಉಂಗುರದ ಒಳಗೆ ಹೆಸರು ಕೊರೆಸಿದ್ದರೇ, ಕೊಂಡಿ ಯಾವ ಕಡೆ ಬೆಸುಗೆ ಹಾಕಿಸಿದ್ದು, ಎಲ್ಲ ಬರೆಯಿರಿ. ಮದುವೆ ಫೋಟೋ, ದೀಕ್ಷಾಸ್ನಾನದ ಫೋಟೋ ಆಲ್ಬಂ ತೆಗೆಯಿರಿ. ಒಡವೆ ಮೈಮೇಲೆ ಇರುವ ಚಿತ್ರಕ್ಕಿಂತ ಒಳ್ಳೆಯ ಗುರುತು ಇಲ್ಲ. ಈಚೆಗೆ ಕೊಂಡ ಬಂಗಾರವಾದರೆ ಬಿಲ್ಲಿನಲ್ಲಿ ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಯ ಗುರುತು ಇರಬಹುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಬಂಗಾರಕ್ಕೆ ಅದು ಕಡ್ಡಾಯ. ಬಿಲ್ಲು ಕಳೆದಿದ್ದರೆ ಸರಾಫ ಅಂಗಡಿಯವರ ಪುಸ್ತಕದಲ್ಲಿ ಕೇಳಿ ನೋಡಿ.

ಮೊಬೈಲ್ ಹೋಗಿದ್ದರೆ ಅದರ ಐಎಂಇಐ ನಂಬರ್ ಡಬ್ಬದ ಮೇಲೆ ಇರುತ್ತದೆ. ಎಫ್‌ಐಆರ್ ಆದ ಮೇಲೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಆ ನಂಬರ್ ಕೊಟ್ಟು ಮೊಬೈಲನ್ನೇ ನಿಷ್ಕ್ರಿಯ ಮಾಡಿಸಬಹುದು.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲದ ತೊಲೆ ಸೇರಿಸಬೇಡಿ. "ಹೆಂಗೂ ಅರ್ಧಾನೂ ಸಿಗೂದಿಲ್ಲ, ನಾಕು ತೊಲಿ ಜಾಸ್ತಿ ಬರಸ್ರಿ" ಅಂತ ಸಲಹೆ ಕೊಡುವವರು ಇರುತ್ತಾರೆ. ಸುಳ್ಳು ಸೇರಿದ ದೂರು ಕೋರ್ಟಿನಲ್ಲಿ ನಿಜವಾಗಿ ಹೋದ ಒಡವೆಯನ್ನೂ ಸಂಶಯಕ್ಕೆ ತಳ್ಳುತ್ತದೆ. ಮರೆತದ್ದು ನಾಲ್ಕು ದಿನ ಬಿಟ್ಟು ನೆನಪಾದರೆ ಠಾಣೆಗೆ ಹೋಗಿ ಪೂರಕ ಹೇಳಿಕೆ ಕೊಡಿ. ಅದಕ್ಕೆ ಅವಕಾಶ ಇದೆ. ಮನೆ ವಿಮೆ ಇದ್ದವರು ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು.

ಮನೆಯಲ್ಲಿ ಸಭೆಯ ಹಣ ಇದ್ದರೆ

ಖಜಾಂಚಿಗಳ ಮನೆಯಲ್ಲಿ ರವಿವಾರದ ಕಾಣಿಕೆ ಸೋಮವಾರ ಬ್ಯಾಂಕ್ ತೆರೆಯುವ ತನಕ ಇರುತ್ತದೆ. ಸ್ತ್ರೀಯರ ಸಭೆಯ ಹಣ, ಕ್ರಿಸ್ಮಸ್ ಹಾಡಿಗೆ ಮನೆಮನೆ ತಿರುಗಿದಾಗ ಕೂಡಿದ ಹಣ, ಕೆಲವು ಸಲ ಕರ್ತನ ಭೋಜನದ ಬೆಳ್ಳಿ ಪಾತ್ರೆ ಕೂಡ. ಇವು ಹೋದಾಗ ಆಗುವ ಸಂಕಟ ಬೇರೆಯೇ ತರಹದ್ದು. ನಾಚಿಕೆ ಆಗುತ್ತದೆ. ಯಾರಿಗೂ ಹೇಳದೆ ಬಡ್ಡಿಗೆ ಸಾಲ ತಂದು ತುಂಬಿಬಿಡೋಣ ಅನಿಸುತ್ತದೆ.

ದಯವಿಟ್ಟು ಹಾಗೆ ಮಾಡಬೇಡಿ. ಅದೇ ದಿನ ಸಭಾಪಾಲಕರಿಗೂ ಕಮಿಟಿಗೂ ಬರೆದು ತಿಳಿಸಿ. ದೂರಿನಲ್ಲಿ ಸಭೆಯ ಹಣವನ್ನು ಬೇರೆ ಸಾಲಿನಲ್ಲಿ, ಸಭೆಯ ಹೆಸರಲ್ಲೇ ಬರೆಸಿ. ಕಾಣಿಕೆ ಎಣಿಸಿದ ಪುಸ್ತಕದ ಪ್ರತಿ ಜೊತೆಗಿರಲಿ. ಕಮಿಟಿ ಸೇರಿ ಚರ್ಚಿಸಿದ್ದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಮುಚ್ಚಿಟ್ಟ ನಷ್ಟ ಆರು ತಿಂಗಳಿಗೆ ಹೊರಬಂದಾಗ ಅದೇ ಪ್ರಾಮಾಣಿಕ ಮನುಷ್ಯನ ಮೇಲೆ ಬೆರಳು ತೋರಿಸುತ್ತಾರೆ. ಆ ಕುಟುಂಬ ಎರಡನೇ ಸಲ ಲೂಟಿಯಾದಂತೆ.

ಸಭೆಯ ಹಿರಿಯರಿಗೂ ಒಂದು ಮಾತು. ಹಣವನ್ನು ಒಬ್ಬರ ಮನೆಯಲ್ಲಿ ಇಡುವ ಪದ್ಧತಿ ಆ ಒಬ್ಬರ ತಪ್ಪಲ್ಲ, ಸಭೆಯದ್ದೇ ಏರ್ಪಾಡು. ಇಬ್ಬರು ಎಣಿಸಿ ಸಹಿ ಮಾಡುವುದು, ಆದಷ್ಟು ಕಾಣಿಕೆ ನೇರ ಬ್ಯಾಂಕ್ ಖಾತೆಗೆ ಬರುವಂತೆ ಮಾಡುವುದು, ಇದನ್ನು ಈಗಲೇ ಶುರು ಮಾಡಿ.

ಕಾಗದಪತ್ರ

ಕಳ್ಳರು ಕಾಗದಕ್ಕಾಗಿ ಬಂದಿರುವುದಿಲ್ಲ. ಪೆಟ್ಟಿಗೆ ಸಮೇತ ಒಯ್ದು ದಾರಿಯಲ್ಲಿ ಎಸೆದಿರಬಹುದು. ಹಿತ್ತಲು, ಗಟಾರ, ಹತ್ತಿರದ ಖಾಲಿ ಸೈಟು ನೋಡಿ. ಏನಾದರೂ ಸಿಕ್ಕರೆ ಕೈ ಹಚ್ಚದೆ ಪೊಲೀಸರಿಗೆ ತಿಳಿಸಿ.

ಮನೆ ಖರೀದಿ ಪತ್ರ ಹೋಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಓದಿದ ಶಾಲೆಯಲ್ಲಿ ವಿಚಾರಿಸಿ. ಪಾಸ್‌ಪೋರ್ಟಿಗೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ. ದೀಕ್ಷಾಸ್ನಾನದ ಪತ್ರ, ದೇವಾಲಯದಲ್ಲಾದ ಮದುವೆಯ ಪತ್ರ ಹೋಗಿದ್ದರೆ ಗಾಬರಿ ಬೇಡ. ಸಭೆಯ ದಾಖಲೆ ಪುಸ್ತಕದಲ್ಲಿ ಮೂಲ ಇರುತ್ತದೆ, ಸಭಾಪಾಲಕರು ಅಥವಾ ಫಾದರ್ ಅದರ ನಕಲು ಬರೆದುಕೊಡುತ್ತಾರೆ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಘವಾದ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಷ್ಟು ಹಳೆಯ ಸಭೆಗಳಿರುವ ಊರು ನಮ್ಮವು. ಅಜ್ಜ-ಅಜ್ಜಿಯ ಪತ್ರ ಬೇಕಾದರೂ ಮೊದಲು ದೀಕ್ಷಾಸ್ನಾನವಾದ ಸಭೆಯಲ್ಲೇ ಕೇಳಿ.

ಸಂಶಯ ಅನ್ನುವ ಎರಡನೇ ಕಳ್ಳ

ಒಂದೆರಡು ದಿನ ಕಳೆದ ಮೇಲೆ ಮನೆಯಲ್ಲಿ ಹೆಸರುಗಳು ಏಳುತ್ತವೆ. ಪಾತ್ರೆ ತೊಳೆಯುವಾಕೆ. ಬಣ್ಣ ಹಚ್ಚಲು ಬಂದಿದ್ದ ಹುಡುಗ. ದುಡ್ಡಿನ ತೊಂದರೆಯಲ್ಲಿರುವ ನೆಂಟ. ಮನೆಯವರ ನಡುವೆಯೂ ಶುರುವಾಗುತ್ತದೆ: "ಹಿತ್ತಲ ಬಾಗಲಾ ಹಾಕಂತ ನಿನಗ ಹೇಳಿದ್ನಿಲ್ಲೋ?"

1 ಸಮುವೇಲ 30ನೇ ಅಧ್ಯಾಯವನ್ನು ಮನೆಯವರೆಲ್ಲ ಸೇರಿ ಒಮ್ಮೆ ಓದಿ. ದಾವೀದನೂ ಅವನ ಜನರೂ ಚಿಕ್ಲಗ್‌ಗೆ ಹಿಂದಿರುಗಿದಾಗ ಊರು ಸುಟ್ಟುಹೋಗಿತ್ತು, ಮನೆ ಮಂದಿಯನ್ನೂ ಅಮಾಲೇಕ್ಯರು ಒಯ್ದಿದ್ದರು. ಅವರು ಅಳುವ ಶಕ್ತಿ ಮುಗಿಯುವ ತನಕ ಅತ್ತರು. ಆಮೇಲೆ ಜನ ದಾವೀದನ ಮೇಲೆಯೇ ತಿರುಗಿ, ಅವನಿಗೆ ಕಲ್ಲೆಸೆಯಬೇಕು ಅಂದರು. ಕಳಕೊಂಡ ನೋವು ಹತ್ತಿರದವರ ಮೇಲೆ ತಿರುಗುವುದು ಅಷ್ಟು ಹಳೆಯ ಸಂಗತಿ. ದಾವೀದ ದೇವರಲ್ಲಿ ಬಲ ತೆಗೆದುಕೊಂಡ, ಏನು ಮಾಡಲಿ ಅಂತ ಕೇಳಿದ, ಎದ್ದು ಬೆನ್ನಟ್ಟಿದ. ಅಳುವುದು, ಪ್ರಾರ್ಥಿಸುವುದು, ಹೋದದ್ದನ್ನು ಹುಡುಕುವುದು ಮೂರೂ ಅಲ್ಲಿ ಒಂದೇ ಅಧ್ಯಾಯದಲ್ಲಿ ಇವೆ. ಒಂದನ್ನು ಮಾಡಿದರೆ ಇನ್ನೊಂದಕ್ಕೆ ದ್ರೋಹ ಆಗುವುದಿಲ್ಲ.

ಸಂಶಯದ ಬಗ್ಗೆ ನಿಯಮ ಸರಳ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇದ್ದರೆ ತನಿಖೆ ಮಾಡುವವರಿಗೆ ಮಾತ್ರ ಹೇಳಿ. "ಇವಳೇ ಇರಬೇಕು" ಅನ್ನುವ ಊಹೆಯನ್ನು ಸತ್ಯದಂತೆ ಬರೆಸಬೇಡಿ. ಬಡ ಮನೆಯ ಹೆಣ್ಣುಮಗಳನ್ನು ಒಂದು ದಿನ ಠಾಣೆಯಲ್ಲಿ ಕೂಡಿಸಿದರೆ ಆಕೆಗೆ ಓಣಿಯಲ್ಲಿ ಮತ್ತೆ ಯಾರು ಕೆಲಸ ಕೊಡುತ್ತಾರೆ? ನಿರಪರಾಧಿ ಅಂತ ಆಮೇಲೆ ಗೊತ್ತಾದರೂ ಹೋದ ಮಾನ ಬರುವುದಿಲ್ಲ.

"ಅಂಜನಾ ಹಾಕಿಸಿ ನೋಡ್ರಿ, ಯಾರಂತ ಗೊತ್ತಾಗ್ತದ" ಅನ್ನುವವರೂ ಬರುತ್ತಾರೆ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳುವುದು, ಅದಕ್ಕೆ ಸಿಟ್ಟಾಗಬೇಡಿ. "ಇಲ್ರಿ ಅಕ್ಕಾರ, ನಾವು ಅದನ್ನ ಮಾಡೂದಿಲ್ಲ, ನಮಗಾಗಿ ಪ್ರಾರ್ಥನಾ ಮಾಡ್ರಿ" ಅಂದರೆ ಸಾಕು. ವಿಶ್ವಾಸದ ಕಾರಣ ಒಂದು ಕಡೆ. ಅಂಜನದಲ್ಲಿ ಕಂಡ ಮುಖ ಅಂತ ಯಾರದೋ ಹೆಸರು ಬಂದರೆ ಜೀವಮಾನದ ಜಗಳ ಉಳಿಯುತ್ತದೆ, ಅದೂ ಅಷ್ಟೇ ದೊಡ್ಡ ಕಾರಣ.

ಕ್ಷಮೆ ಮತ್ತು ಕೇಸು

ಕ್ಷಮಿಸುವವರು ದೂರು ಕೊಡಬಾರದು ಅಂತ ಎಲ್ಲೂ ಇಲ್ಲ. ಅದೇ ಕಳ್ಳ ಮುಂದಿನ ವಾರ ಒಬ್ಬಳೇ ಇರುವ ಮುದುಕಿಯ ಮನೆಗೆ ನುಗ್ಗಿದರೆ? ನಿಮ್ಮ ದೂರು ಆಕೆಗೂ ಕಾವಲು. ಕಳ್ಳತನದ ಕೇಸು ನಡೆಸುವುದು ಸರ್ಕಾರ. ನೀವು ಮನಸ್ಸಿನಲ್ಲಿ ಕ್ಷಮಿಸಿದ ಮಾತ್ರಕ್ಕೆ ಅದು ಮುಚ್ಚುವುದಿಲ್ಲ, ಮುಚ್ಚಬೇಕಾಗಿಯೂ ಇಲ್ಲ.

ಹಾಗಾದರೆ ಕ್ಷಮೆ ಎಲ್ಲಿ ಕಾಣಬೇಕು? ನನ್ನ ಪ್ರಕಾರ ಠಾಣೆಯಲ್ಲೇ. ಯಾರನ್ನಾದರೂ ಹಿಡಿದು ತಂದಾಗ "ಬಡದು ಬಾಯಿ ಬಿಡಸ್ರಿ ಸಾಹೇಬ್ರ" ಅನ್ನದೇ ಇರುವುದು. ಸಾಕ್ಷಿ ಹೇಳುವಾಗ ಸೇಡಿಗಾಗಿ ಒಂದು ಮಾತೂ ಸೇರಿಸದೇ ಇರುವುದು. ಅವನ ಮನೆಯಲ್ಲೂ ಹೆಂಡತಿ ಮಕ್ಕಳು ಇರಬಹುದು, ಅವರ ಹೆಸರು ಗೊತ್ತಾದರೆ ಪ್ರಾರ್ಥನೆಯಲ್ಲಿ ಹಿಡಿಯುವುದು. ಮೊದಲ ವಾರವೇ ಇದೆಲ್ಲ ಆಗದಿದ್ದರೆ ನೀವು ಕೆಟ್ಟ ಕ್ರೈಸ್ತರು ಅಂತಲ್ಲ. ಸಿಟ್ಟು ಇದ್ದರೆ ಸಿಟ್ಟಿನಲ್ಲೇ ಪ್ರಾರ್ಥಿಸಿ. ಕೀರ್ತನೆಗಳಲ್ಲಿ ಅಂಥ ಪ್ರಾರ್ಥನೆ ಎಷ್ಟೋ ಇವೆ.

ಮಾತಾಡಿಸಲು ಬರುವವರಿಗೆ

ಸುದ್ದಿ ಕೇಳಿ ಸಭೆಯವರು ಬಂದೇ ಬರುತ್ತಾರೆ. ಬರಬೇಕು ಕೂಡ. ಆದರೆ ಬಾಗಿಲಲ್ಲೇ ಮತ್ತಾಯ 6ನೇ ಅಧ್ಯಾಯ ತೆಗೆದು, ಭೂಮಿಯ ಮೇಲೆ ಗಂಟು ಕಟ್ಟಬಾರದು ಅಂತ ಬೋಧಿಸಬೇಡಿ. ಆ ಮಾತು ಸತ್ಯ. ಅತ್ತೆಯಿಂದ ಬಂದ ಬಳೆ ಕಳಕೊಂಡು ಅಳುತ್ತಿರುವವಳಿಗೆ ಆ ದಿನ ಹೇಳುವ ಮಾತು ಮಾತ್ರ ಅಲ್ಲ. "ದಶಮಾಂಶ ಕೊಡತಿದ್ರೋ ಇಲ್ಲೋ" ಅನ್ನುವ ಪ್ರಶ್ನೆಯಂತೂ ಕ್ರೂರ. ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಕೈಯಿಂದ ಆಗುವ ಕೆಲಸ ಬೇಕಾದಷ್ಟಿದೆ. ಎರಡು ದಿನ ಮಧ್ಯಾಹ್ನದ ರೊಟ್ಟಿ ಪಲ್ಯ ತಂದುಕೊಡಿ. ಪಂಚನಾಮೆ (ಪೊಲೀಸರು ಪಂಚರ ಮುಂದೆ ಸ್ಥಳ ನೋಡಿ ಬರೆದುಕೊಳ್ಳುವುದು) ಮುಗಿದ ಮೇಲೆ ಮನೆ ಬಳಿಯಲು, ಬಟ್ಟೆ ಒಗೆಯಲು ಇಬ್ಬರು ಹೆಣ್ಣುಮಕ್ಕಳು ಹೋಗಿ. ಅಪರಿಚಿತನ ಕೈ ಮುಟ್ಟಿದ ಬಟ್ಟೆ ಉಡಲು ಬಹಳ ಮಂದಿಗೆ ಆಗುವುದಿಲ್ಲ. ಬಡಿಗರನ್ನು ಕರೆಸಿ ಅದೇ ದಿನ ಬಾಗಿಲು ಸರಿ ಮಾಡಿಸಿ. ಸಭೆಯ ಯುವಕರು ಮೊದಲ ಎರಡು ಮೂರು ರಾತ್ರಿ ಪಡಸಾಲೆಯಲ್ಲಿ ಮಲಗಿದರೆ ಆ ಮನೆಯವರಿಗೆ ನಿದ್ದೆ ಬರುತ್ತದೆ. ಮದುವೆಗೆ ಅಂತ ಕೂಡಿಟ್ಟದ್ದು ಹೋಗಿದ್ದರೆ ಸಹಾಯ ಮಾಡಿ, ಆದರೆ ಮೊತ್ತವನ್ನು ಆರಾಧನೆಯಲ್ಲಿ ಓದಬೇಡಿ.

ರಾತ್ರಿ

ಸಾಮಾನು ಹೋದ ನೋವಿಗಿಂತ, ಯಾರೋ ಒಳಗೆ ಬಂದಿದ್ದರು ಅನ್ನುವ ಭಯ ಜಾಸ್ತಿ ದಿನ ಇರುತ್ತದೆ. ಬೆಕ್ಕು ಹಂಚಿನ ಮೇಲೆ ಓಡಿದರೂ ಎದ್ದು ಕೂಡುವುದು, ಚಿಲಕವನ್ನು ಮತ್ತೆ ಮತ್ತೆ ನೋಡುವುದು, ಮಕ್ಕಳು ಹಾಸಿಗೆ ಒದ್ದೆ ಮಾಡುವುದು, ಇವೆಲ್ಲ ಇಂಥ ಘಟನೆಯ ನಂತರ ಆಗುವಂಥವೇ. ಮಕ್ಕಳಿಗೆ ಸುಳ್ಳು ಹೇಳಬೇಡಿ. "ಕಳ್ಳ ಬಂದಿದ್ದ, ಹೋದ, ಈಗ ಬಾಗಿಲು ಗಟ್ಟಿ ಮಾಡೇವಿ" ಅಂತ ಸರಳವಾಗಿ ಹೇಳಿ. ಹೊಸ ಚಿಲಕವನ್ನು ಅವರ ಕೈಯಿಂದಲೇ ಹಾಕಿಸಿ. ಕೆಲವು ದಿನ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿದರೆ ಏನೂ ತಪ್ಪಿಲ್ಲ. ಮಲಗುವ ಮುಂಚೆ 4ನೇ ಕೀರ್ತನೆ ಅಥವಾ 121ನೇ ಕೀರ್ತನೆ ಓದಿ, ಹಾಡು ಬರುವವರು ಒಂದು ಹಾಡು ಹೇಳಿ.

"ದೇವರು ಯಾಕೆ ಕಾಯಲಿಲ್ಲ" ಅಂತ ಮಗು ಕೇಳಿದರೆ ಬಾಯಿ ಮುಚ್ಚಿಸಬೇಡಿ. "ನನಗೂ ಗೊತ್ತಿಲ್ಲವ್ವ, ನಾನೂ ಅದನ್ನೇ ಆತನಿಗೆ ಕೇಳ್ತಿದ್ದೇನೆ" ಅನ್ನುವುದು ಪ್ರಾಮಾಣಿಕ ಉತ್ತರ.

ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮನೆ ಬಿಟ್ಟು ಹೊರಗೆ ಹೋಗಲು ಅಂಜಿಕೆಯಾದರೆ ವೈದ್ಯರನ್ನು ನೋಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯೂ ಔಷಧಿಯೂ ಒಂದೇ ಮನೆಯಲ್ಲಿ ಇರಬಹುದು.

ಬಾಗಿಲು ಮತ್ತು ರವಿವಾರ

ಹೊರಗಿನಿಂದ ಕಾಣುವ ದೊಡ್ಡ ಕೀಲಿ ಮನೆ ಖಾಲಿ ಇದೆ ಅಂತ ಸಾರುತ್ತದೆ. ಬಾಗಿಲೊಳಗೇ ಕೂಡುವ ಕೀಲಿ ಹಾಕಿಸಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಇರಲಿ. ಕೀಲಿಕೈ ಹೂಕುಂಡದ ಕೆಳಗೆ ಇಡುವ ರೂಢಿ ಬಿಡಿ. ಒಂದೇ ಓಣಿಯಲ್ಲಿ ನಾಲ್ಕು ಕ್ರೈಸ್ತ ಮನೆ ಇದ್ದರೆ, ಎರಡು ಮನೆಯವರು ಮೊದಲ ಆರಾಧನೆಗೆ, ಎರಡು ಮನೆಯವರು ಎರಡನೆಯದಕ್ಕೆ ಹೋಗಬಹುದು. ಒಂದೇ ಆರಾಧನೆ ಇರುವ ಕಡೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಅವರ ಜಾತ್ರೆ, ಹಬ್ಬದ ದಿನ ನೀವು ಅವರ ಮನೆ ನೋಡಿಕೊಳ್ಳಿ. ಊರಿಗೆ ಹೋಗುವುದಿದ್ದರೆ ಠಾಣೆಗೂ ತಿಳಿಸಿ, ರಾತ್ರಿ ಬೀಟಿನವರಿಗೆ ಆ ಕಡೆ ನೋಡಲು ಕೇಳಿ. ಮದುವೆಗೋ ಮಣ್ಣಿಗೋ ಹೋದಾಗ ಫೋಟೋಗಳನ್ನು ಮನೆಗೆ ಬಂದ ಮೇಲೆ ಹಾಕಿದರಾಯಿತು.

ಬಂಗಾರಕ್ಕೆ ಬ್ಯಾಂಕ್ ಲಾಕರ್ ಒಳ್ಳೆಯದು. ಆದರೂ ಲಾಕರಿನಲ್ಲಿ ಕಳ್ಳತನವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ದೊಡ್ಡ ಮೊತ್ತದ ಒಡವೆ ಇದ್ದವರು ವಿಮೆಯನ್ನೂ ಮಾಡಿಸಬೇಕು.

ಮುಂದೆ

ದೂರು ಕೊಟ್ಟ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ನಿಮಗೆ ತಿಳಿಸಬೇಕು ಅನ್ನುವುದು ಕಾನೂನಿನಲ್ಲೇ ಇದೆ. ತಿಳಿಸದಿದ್ದರೆ ಹೋಗಿ ಮರ್ಯಾದೆಯಿಂದ ಕೇಳಿ. ಕಳ್ಳ ಸಿಗದೇ ಹೋದರೆ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್, ಅಂದರೆ ಪತ್ತೆಯಾಗಲಿಲ್ಲ ಅನ್ನುವ ವರದಿ, ಹಾಕುತ್ತಾರೆ. ವಿಮೆ ಕೇಳುವವರಿಗೆ ಅದರ ಪ್ರತಿ ಬೇಕಾಗುತ್ತದೆ.

ಸಾಮಾನು ಸಿಕ್ಕರೆ ಅದು ನೇರ ನಿಮ್ಮ ಕೈಗೆ ಬರುವುದಿಲ್ಲ. ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಹೀಗೆ ಸಿಕ್ಕ ವಸ್ತುಗಳನ್ನು ಠಾಣೆಯಲ್ಲಿ ಸುಮ್ನೆ ಕೊಳೆಯಲು ಬಿಡದೆ, ಫೋಟೋ ಮತ್ತು ಪಂಚನಾಮೆ ಇಟ್ಟುಕೊಂಡು ಬೇಗ ಮರಳಿಸಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ವಕೀಲರಿಗೆ ಕೊಡಲು ಹಣ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ. ಬಂಗಾರವನ್ನು ಕರಗಿಸಿ ಗಟ್ಟಿ ಮಾಡಿದ್ದರೆ ನಿಮ್ಮ ತೂಕದ ಬಿಲ್ಲೇ ಆಧಾರ. ಗುರುತು ಹಿಡಿಯುವಾಗ ನಿಮ್ಮದಲ್ಲ ಅನಿಸಿದರೆ ನಮ್ಮದಲ್ಲ ಅಂತಲೇ ಹೇಳಿ, ಅದು ಇನ್ನೊಂದು ಮನೆಯವರದ್ದು. ಬಿಡಿಸಿಕೊಂಡ ಒಡವೆಯನ್ನು ಕೇಸು ಮುಗಿಯುವ ತನಕ ಮಾರಬೇಡಿ, ಮುರಿಸಬೇಡಿ. ಕೋರ್ಟು ತೋರಿಸು ಅಂದ ದಿನ ಹಾಗೇ ತೋರಿಸಬೇಕಾಗುತ್ತದೆ.